ಮದ್ಯಸಾರದ ಎರಡು ಬದುಕು: ಅಂಗಾಂಶ ನಿರ್ಜಲೀಕರಣದ ಚರಿತ್ರೆಯ ಕೆಲವು ನೆಲೆಗಳು

ರೋಗನಿದಾನಕ್ಕೆಂದು ದೇಹದಿಂದ ತೆಗೆದ ಅಂಗಾಂಶದ ಒಂದು ಚೂರು ಸೂಕ್ಷ್ಮದರ್ಶಕದ ಕೆಳಗೆ ಬರುವ ಮೊದಲು ಹಲವು ದ್ರವಗಳನ್ನು ಹಾದು ಬರಬೇಕಾಗುತ್ತದೆ. ಮೊದಲು ಫಾರ್ಮಲಿನ್ನಿನಲ್ಲಿ ಅದರ ರಚನೆಯನ್ನು ಸ್ಥಿರಗೊಳಿಸುತ್ತಾರೆ. ಅನಂತರ ಅದರೊಳಗಿನ ನೀರನ್ನು ತೆಗೆಯುತ್ತಾರೆ. ಆಮೇಲೆ ಕ್ಸೈಲೀನಿನಂತಹ ದ್ರವದಲ್ಲಿ ಅದ್ದಿ, ಕರಗಿದ ಪ್ಯಾರಾಫಿನ್ ಮೇಣವನ್ನು ಅದರೊಳಕ್ಕೆ ಇಳಿಸುತ್ತಾರೆ. ಮೇಣ ಗಟ್ಟಿಯಾದ ಮೇಲೆ ಮೈಕ್ರೋಟೋಮ್ ಯಂತ್ರದ ಅಲಗಿನಿಂದ ಮೂರು ನಾಲ್ಕು ಮೈಕ್ರಾನಿನಷ್ಟು ತೆಳುವಾದ ಪದರಗಳನ್ನು ಕತ್ತರಿಸಿ, ಗಾಜಿನ ಮೇಲೆ ಹರಡಿ, ಬಣ್ಣ ಕಟ್ಟುತ್ತಾರೆ. ಮೃದುವಾದ ಅಂಗಾಂಶಗಳ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. ಮೇಣವೂ ನೀರೂ ಒಂದರೊಳಗೊಂದು ಬೆರೆಯುವುದಿಲ್ಲ. ಆದುದರಿಂದ ನೀರನ್ನು ಹೊರಗೆ ಕಳುಹಿಸಿ, ಅದರ ಜಾಗವನ್ನು ಕಾಯ್ದುಕೊಳ್ಳುವ ಮತ್ತೊಂದು ದ್ರವ ಬೇಕು. ಬಿಸಿಲಿನಲ್ಲಿ ಒಣಗಿಸಿದರೂ ನೀರು ಹೋಗುತ್ತದೆ; ಆದರೆ ಅದರೊಂದಿಗೆ ಆಕಾರವೂ ಹೋಗುತ್ತದೆ. ಆಕಾರ ಕೆಡದಂತೆ ನೀರನ್ನು ತೆಗೆಯುವುದೇ ನಿರ್ಜಲೀಕರಣದ ಕೌಶಲ.

ಈ ಕೆಲಸಕ್ಕೆ ಜಗತ್ತಿನ ಹೆಚ್ಚಿನ ಪ್ರಯೋಗಾಲಯಗಳು ಬಳಸುತ್ತ ಬಂದಿರುವುದು ಮದ್ಯಸಾರವನ್ನು, ಅಂದರೆ ಈಥೈಲ್ ಆಲ್ಕೋಹಾಲನ್ನು. ಅದು ನೀರಿನೊಂದಿಗೆ ಯಾವ ಪ್ರಮಾಣದಲ್ಲಿಯೂ ಬೆರೆಯುತ್ತದೆ ಎಂಬುದು ರಸಾಯನಶಾಸ್ತ್ರ ನೀಡುವ ಕಾರಣ. ಕಾರಣ ಸರಿಯಾದುದೇ, ಆದರೆ ಅಪೂರ್ಣ. ನೀರಿನೊಂದಿಗೆ ಬೆರೆಯುವ ದ್ರವಗಳು ಬೇರೆಯೂ ಇವೆ. ಮದ್ಯಸಾರ ಪ್ರಯೋಗಾಲಯವನ್ನು ಪ್ರವೇಶಿಸಿದ್ದು ಹೆಂಡದಂಗಡಿಯ ದಾರಿಯಿಂದ. ಅಲ್ಲಿ ಅದು ಉಳಿದದ್ದು, ಕೆಲವೊಮ್ಮೆ ಹೊರಬಿದ್ದದ್ದು, ಮತ್ತೆ ಮರಳಿದ್ದು ಇವೆಲ್ಲ ಅಂಗಾಂಶದ ಗುಣದಿಂದ ಎಷ್ಟು ತೀರ್ಮಾನವಾದವೋ ಅಬಕಾರಿ ಸುಂಕದಿಂದಲೂ ಅಷ್ಟೇ ತೀರ್ಮಾನವಾದವು. ವಿಜ್ಞಾನದ ಕೈಪಿಡಿಗಳು ಒಂದು ಸಾಲಿನಲ್ಲಿ ದಾಟಿಬಿಡುವ ಈ ಸಂಗತಿಯನ್ನು ಐತಿಹ್ಯ, ಕಾನೂನು ಮತ್ತು ಕೈಕಸುಬಿನ ನೆಲೆಗಳಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜೀವಿಗಳ ಶರೀರವನ್ನು ಮದ್ಯಸಾರದಲ್ಲಿಟ್ಟು ಕಾಪಾಡಬಹುದೆಂಬುದನ್ನು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರು ಅದರ ಆರಂಭದ ದಿನಗಳಲ್ಲಿಯೇ ಕಂಡಿದ್ದರು. 1662ರಲ್ಲಿ ವಿಲಿಯಂ ಕ್ರೂನ್ ಎಂಬಾತ ದ್ರಾಕ್ಷಾಮದ್ಯದಿಂದ ಬಟ್ಟಿ ಇಳಿಸಿದ ಸಾರದಲ್ಲಿಟ್ಟಿದ್ದ ನಾಯಿಮರಿಗಳ ಎರಡು ಭ್ರೂಣಗಳನ್ನು ಬಾಯಿ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಸಭೆಗೆ ತೋರಿಸಿದ. 1666ರಲ್ಲಿ ರಾಬರ್ಟ್ ಬಾಯ್ಲ್ ಮೊಟ್ಟೆಯಿಂದ ತೆಗೆದ ಹಕ್ಕಿಮರಿಗಳನ್ನು ಕಾಪಾಡುವ ಇದೇ ವಿಧಾನವನ್ನು ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ಡೆಲ್ಫ್ಟ್ ನಗರದ ಲೇವನ್‌ಹುಕ್ 1714ರಲ್ಲಿ ಸ್ನಾಯುವಿನ ಎಳೆಗಳು ಎದ್ದು ಕಾಣಲೆಂದು ಕೇಸರಿಯನ್ನು ಬ್ರಾಂದಿಯಲ್ಲಿ ಕದಡಿ ಬಳಸಿದ. ಇವರಾರೂ ನೀರನ್ನು ತೆಗೆಯುವ ಉದ್ದೇಶವಿಟ್ಟುಕೊಂಡಿರಲಿಲ್ಲ. ಶರೀರ ಕೊಳೆಯಬಾರದು, ಎಳೆ ಕಾಣಬೇಕು ಎಂಬಷ್ಟೇ ಅವರ ಬಯಕೆ. ಕುಡಿಯುವ ಪದಾರ್ಥ ಕೈಗೆ ಸಿಗುವಂತಿತ್ತು, ಅದನ್ನೇ ಬಳಸಿದರು.

ಈ ಘಟ್ಟದಲ್ಲಿಯೇ ಮದ್ಯಸಾರದ ಸುತ್ತ ಐತಿಹ್ಯಗಳು ಹುಟ್ಟಿಕೊಂಡುದು ಗಮನಾರ್ಹ. ಆಮ್‌ಸ್ಟರ್‌ಡ್ಯಾಮಿನ ಅಂಗರಚನಾಶಾಸ್ತ್ರಜ್ಞ ಫ್ರೆಡೆರಿಕ್ ರೂಯಿಶ್ ತಾನು ಸಿದ್ಧಪಡಿಸಿದ ಮಾದರಿಗಳ ಸಂಗ್ರಹವನ್ನು 1717ರಲ್ಲಿ ರಷ್ಯಾದ ದೊರೆ ಪೀಟರನಿಗೆ 30,000 ಗಿಲ್ಡರುಗಳಿಗೆ ಮಾರಿದ. ಹಡಗಿನಲ್ಲಿ ಸಾಗಿಸುವಾಗ ನಾವಿಕರು ಜಾಡಿಗಳ ಮದ್ಯವನ್ನು ಕುಡಿದುಬಿಟ್ಟರು, ಮಾದರಿಗಳೆಲ್ಲ ಹಾಳಾದವು ಎಂಬ ಕತೆ ಯುರೋಪಿನಲ್ಲಿ ಬಹುಕಾಲ ಹರಡಿತ್ತು. ಆದರೆ ಅವುಗಳಲ್ಲಿ ನೂರಾರು ಮಾದರಿಗಳು ಸೇಂಟ್ ಪೀಟರ್ಸ್‌ಬರ್ಗಿನ ಕುನ್ಸ್ಟ್‌ಕಾಮೆರ ಸಂಗ್ರಹಾಲಯದಲ್ಲಿ ಇಂದಿಗೂ ಉಳಿದಿವೆ.

ಇದೇ ಆಶಯ ಇನ್ನೂ ಬಲವಾಗಿ ಕಾಣಿಸಿಕೊಂಡಿರುವುದು ಇಂಗ್ಲೆಂಡಿನ ನೌಕಾಪತಿ ನೆಲ್ಸನ್ನನ ಕತೆಯಲ್ಲಿ. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕಾಳಗದಲ್ಲಿ ಮಡಿದ ಆತನ ದೇಹವನ್ನು ತಾಯ್ನಾಡಿಗೆ ಒಯ್ಯಲು ಬ್ರಾಂದಿ ತುಂಬಿದ ಪೀಪಾಯಿಯಲ್ಲಿ ಇಟ್ಟರು. ದಾರಿಯಲ್ಲಿ ನಾವಿಕರು ಪೀಪಾಯಿಗೆ ತೂತು ಕೊರೆದು, ಕೊಳವೆ ಹಚ್ಚಿ ಬ್ರಾಂದಿ ಹೀರಿದರೆಂದು ಐತಿಹ್ಯ ಹೇಳುತ್ತದೆ. ಹಡಗಿನ ವೈದ್ಯನಾಗಿದ್ದ ವಿಲಿಯಂ ಬೀಟಿ 1807ರಲ್ಲಿ ಪ್ರಕಟಿಸಿದ ವೃತ್ತಾಂತದಲ್ಲಿ ಸಂಗತಿ ಬೇರೆಯಾಗಿದೆ. ಪೀಪಾಯಿಯಲ್ಲಿ ದ್ರವ ಕಡಿಮೆಯಾದುದು ನಿಜ; ದೇಹವೇ ಗಣನೀಯ ಪ್ರಮಾಣದ ಬ್ರಾಂದಿಯನ್ನು ಹೀರಿಕೊಂಡಿದ್ದರಿಂದ ಆ ಕೊರತೆ ಉಂಟಾಯಿತೆಂದೂ, ಜಿಬ್ರಾಲ್ಟರಿನಲ್ಲಿ ಮದ್ಯಸಾರ ತರಿಸಿ ತುಂಬಿದರೆಂದೂ ಆತ ದಾಖಲಿಸಿದ್ದಾನೆ. ಜಾನಪದ ಅಧ್ಯಯನಕ್ಕೆ ಈ ಎರಡು ಪಾಠಗಳನ್ನು ಎದುರುಬದುರು ಇಟ್ಟು ನೋಡುವುದು ಉಪಯುಕ್ತ. ಪೀಪಾಯಿಯ ಮಟ್ಟ ಇಳಿದುದನ್ನು ವೈದ್ಯನೂ ಕಂಡಿದ್ದಾನೆ, ಕತೆಗಾರನೂ ಕಂಡಿದ್ದಾನೆ. ಇಳಿದ ದ್ರವ ಎಲ್ಲಿಗೆ ಹೋಯಿತು ಎಂಬುದಕ್ಕೆ ಒಬ್ಬನ ಉತ್ತರ ಅಂಗಾಂಶ. ಇನ್ನೊಬ್ಬನ ಉತ್ತರ ನಾವಿಕ. ಶವವನ್ನಿಟ್ಟ ದ್ರವವೂ ಕುಡಿಯುವ ದ್ರವವೂ ಒಂದೇ ಆಗಿರುವಲ್ಲಿ ಇಂತಹ ಕತೆ ಹುಟ್ಟದೆ ಇರುವುದೇ ಅಸಹಜ. ಇದೇ ಗುಮಾನಿ ಅರ್ಧ ಶತಮಾನದ ಅನಂತರ ಕತೆಯ ರೂಪ ಬಿಟ್ಟು ಕಾನೂನಿನ ರೂಪ ತಳೆಯಿತು.

ಅದಕ್ಕೂ ಮೊದಲು ಮದ್ಯಸಾರದ ಕೆಲಸವೇ ಬದಲಾದ ಬಗೆಯನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಅಂಗಾಂಶ ಗಟ್ಟಿಗೊಳಿಸಲು ಬಳಸತೊಡಗಿದರು. ಬೆಣ್ಣೆಯಂತೆ ಮೃದುವಾದ ಮಿದುಳು ಅಲಗಿಗೆ ಸಿಗುವುದಿಲ್ಲ. ಜರ್ಮನಿಯ ಯೋಹಾನ್ ಕ್ರಿಶ್ಚಿಯನ್ ರೈಲ್ 1809ರಲ್ಲಿ ಮಿದುಳನ್ನು ಮದ್ಯಸಾರದಲ್ಲಿ ಇಟ್ಟು ಗಟ್ಟಿಮಾಡಿ ಅದರ ರಚನೆಯನ್ನು ಪರಿಶೀಲಿಸಿದ. ನಿಜವಾದ ತಿರುವು ಬಂದದ್ದು 1851ರಲ್ಲಿ. ಲಂಡನ್ನಿನ ವೈದ್ಯ ಲಾಕ್‌ಹಾರ್ಟ್ ಕ್ಲಾರ್ಕ್ ಬೆನ್ನುಹುರಿಯ ರಚನೆಯನ್ನು ಕುರಿತ ತನ್ನ ಸಂಶೋಧನೆಯಲ್ಲಿ ಹೊಸ ಕ್ರಮವೊಂದನ್ನು ವಿವರಿಸಿದ. ಮದ್ಯಸಾರದಲ್ಲಿ ಗಟ್ಟಿಯಾದ ಬೆನ್ನುಹುರಿಯಿಂದ ತೆಳುವಾದ ಬಿಲ್ಲೆಗಳನ್ನು ಕೊಯ್ದು, ಮದ್ಯಸಾರ ಮತ್ತು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿಟ್ಟು, ಮತ್ತೆ ಶುದ್ಧ ಮದ್ಯಸಾರಕ್ಕೆ ಹಾಕಿ, ಅಲ್ಲಿಂದ ಟರ್ಪೆಂಟೈನ್ ಎಣ್ಣೆಗೆ ವರ್ಗಾಯಿಸಿ, ಕೊನೆಗೆ ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನಲ್ಲಿ ಗಾಜಿನ ನಡುವೆ ಕೂರಿಸುವುದು ಆ ಕ್ರಮ. ಅಪಾರದರ್ಶಕವಾಗಿದ್ದ ಬಿಲ್ಲೆ ಟರ್ಪೆಂಟೈನಿನಲ್ಲಿ ತಿಳಿಯಾಗಿ, ನರದ ಎಳೆಗಳು ಕಾಣಿಸಿದವು. ಇಲ್ಲಿ ಮದ್ಯಸಾರ ಕಾಪಾಡುವ ಕೆಲಸಕ್ಕಾಗಲಿ ಗಟ್ಟಿಗೊಳಿಸುವ ಕೆಲಸಕ್ಕಾಗಲಿ ಸೀಮಿತವಾಗಿ ಉಳಿಯಲಿಲ್ಲ. ನೀರಿಗೂ ಎಣ್ಣೆಗೂ ನಡುವಣ ಮಧ್ಯಸ್ಥನಾಯಿತು. ಪರಸ್ಪರ ಕೂಡದ ಎರಡು ಕುಲಗಳ ನಡುವೆ ಎರಡಕ್ಕೂ ನಂಟನಾದವನು ಮಾತು ನಡೆಸುವಂತೆ ಅದು ನೀರಿನೊಂದಿಗೂ ಸೇರಿ, ಟರ್ಪೆಂಟೈನಿನೊಂದಿಗೂ ಸೇರಿತು. ನಿರ್ಜಲೀಕರಣದ ಚರಿತ್ರೆ ಕಟ್ಟುನಿಟ್ಟಾದ ಅರ್ಥದಲ್ಲಿ ಇಲ್ಲಿಂದಲೇ ಆರಂಭವಾಗುತ್ತದೆ ಎನ್ನಬಹುದು.

1869ರಲ್ಲಿ ಎಡ್ವಿನ್ ಕ್ಲೆಬ್ಸ್ ಅಂಗಾಂಶವನ್ನು ಹುದುಗಿಸಿಡಲು ಪ್ಯಾರಾಫಿನ್ ಮೇಣವನ್ನು ಬಳಸಿದ. ಆದರೆ ಮೇಣ ಸುತ್ತ ನಿಂತಿತೇ ಹೊರತು ಒಳಗೆ ಇಳಿಯಲಿಲ್ಲ. 1881ರ ಸುಮಾರಿಗೆ ಬ್ಯೂಟ್ಷ್ಲಿ ಮೊದಲಾದವರು ಕ್ಲೋರೋಫಾರ್ಮಿನ ನೆರವಿನಿಂದ ಮೇಣವನ್ನು ಒಳಕ್ಕೆ ಇಳಿಸಿದ ಮೇಲೆ ಈ ತೊಡಕು ನಿವಾರಣೆಯಾಯಿತು. ನೀರು ಸಂಪೂರ್ಣವಾಗಿ ಹೋಗಲೇಬೇಕೆಂಬ ಕಟ್ಟಳೆಯೂ ಅದರೊಂದಿಗೆ ಬಂದಿತು. 1893ರಲ್ಲಿ ಫ್ರಾಂಕ್‌ಫರ್ಟಿನ ಫರ್ಡಿನಾಂಡ್ ಬ್ಲೂಮ್ ಫಾರ್ಮಾಲ್ಡಿಹೈಡಿನ ಕ್ರಿಮಿನಾಶಕ ಗುಣವನ್ನು ಪರೀಕ್ಷಿಸುತ್ತಿದ್ದಾಗ ಅದು ತಾಗಿದ ತನ್ನ ಬೆರಳ ತುದಿಗಳೇ ಮದ್ಯಸಾರದಲ್ಲಿಟ್ಟ ಅಂಗಾಂಶದಂತೆ ಗಟ್ಟಿಯಾಗಿರುವುದನ್ನು ಕಂಡ. ಆ ಬೆರಳುಗಳಿಂದ ಫಾರ್ಮಲಿನ್ ಪ್ರಯೋಗಾಲಯಕ್ಕೆ ಬಂದಿತು. ಗಟ್ಟಿಗೊಳಿಸುವ ಕೆಲಸ ಅದರ ಪಾಲಾಯಿತು. ಮದ್ಯಸಾರಕ್ಕೆ ಮುಖ್ಯವಾಗಿ ನೀರು ತೆಗೆಯುವ ಕೆಲಸ ಉಳಿಯಿತು.

ಈ ಕೆಲಸವನ್ನು ಮಾಡಿಸುವ ರೀತಿಯಲ್ಲಿ ಒಂದು ಸಂಪ್ರದಾಯವೇ ಬೆಳೆದಿದೆ. ನೀರು ತುಂಬಿದ ಅಂಗಾಂಶವನ್ನು ನೇರವಾಗಿ ಪೂರ್ಣ ಮದ್ಯಸಾರಕ್ಕೆ ಹಾಕಿದರೆ ನೀರು ಒಮ್ಮೆಗೇ ಹೊರನುಗ್ಗಿ ಜೀವಕೋಶಗಳು ಮುದುಡುತ್ತವೆ. ಮಲೆನಾಡಿನ ಮನೆಗಳಲ್ಲಿ ಮಾವಿನ ಮಿಡಿಯನ್ನು ಉಪ್ಪಿಗೆ ಹಾಕಿದಾಗ ನೀರು ಬಿಟ್ಟು ಮುದುಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಪ್ಪಿನಕಾಯಿಗೆ ಮುದುಡುವುದು ಗುಣ, ಇಲ್ಲಿ ಅದು ದೋಷ. ಆದುದರಿಂದ 70, 80, 95, 100 ಪ್ರತಿಶತ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾರೆ. ಭ್ರೂಣದಂತಹ ನವಿರಾದ ಅಂಗಾಂಶಗಳಿಗೆ 30 ಪ್ರತಿಶತದಿಂದಲೇ ಆರಂಭಿಸುವುದುಂಟು. ಕೆಲವು ಕಡೆ 50, 70, 90 ಎಂಬ ಕ್ರಮವಿದೆ. ಪ್ರತಿಯೊಂದು ಮೆಟ್ಟಿಲಿನ ಅವಧಿಯೂ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬೇರೆ. ಏರಿಕೆಯ ತತ್ತ್ವ ಮಾತ್ರ ಎಲ್ಲೆಡೆ ಒಂದೇ. ಒಂದೇ ಕಾವ್ಯದ ಪಾಠಾಂತರಗಳಂತಿರುವ ಈ ಭೇದಗಳಲ್ಲಿ ಎಲ್ಲವನ್ನೂ ರಾಸಾಯನಿಕ ಕಾರಣದಿಂದ ವಿವರಿಸಲಾಗದು. ಹಿರಿಯರು ಮಾಡುತ್ತಿದ್ದುದನ್ನು ಕಿರಿಯರು ಕಲಿತರು ಎಂಬುದೂ ಒಂದು ಕಾರಣ. ಆರ್ಥರ್ ಬೋಲ್ಸ್ ಲೀ 1885ರಲ್ಲಿ ಹೊರತಂದ ಸೂಕ್ಷ್ಮತಂತ್ರದ ಕೈಪಿಡಿ ಇಂತಹ ಸೂತ್ರಗಳನ್ನು ಒಂದೆಡೆ ಕಲೆಹಾಕಿತು. 1872ರಲ್ಲಿ ಆಂಟನ್ ಡೋರ್ನ್ ಸ್ಥಾಪಿಸಿದ ನೇಪಲ್ಸಿನ ಪ್ರಾಣಿಶಾಸ್ತ್ರ ಕೇಂದ್ರಕ್ಕೆ ಬಂದ ವಿದ್ವಾಂಸರು ಕೈಚಳಕಗಳನ್ನು ಕಲಿತು ತಮ್ಮ ದೇಶಗಳಿಗೆ ಒಯ್ದರು. ಸೂತ್ರಕ್ಕೆ ವಿದ್ವಾಂಸನ ಹೆಸರು ಅಂಟಿಕೊಂಡಿತು. ಜಾಡಿ ತುಂಬಿ, ಹೊತ್ತು ನೋಡಿ, ತುಣುಕನ್ನು ಎತ್ತಿಟ್ಟ ಸಹಾಯಕರ ಹೆಸರುಗಳು ಗ್ರಂಥಗಳಲ್ಲಿ ಸಿಗುವುದು ಅಪರೂಪ.

ಕೊನೆಯ ಮೆಟ್ಟಿಲೇ ಅತ್ಯಂತ ಕಷ್ಟದ್ದು. ಸಾಮಾನ್ಯ ರೀತಿಯಲ್ಲಿ ಎಷ್ಟು ಸಲ ಬಟ್ಟಿ ಇಳಿಸಿದರೂ ಮದ್ಯಸಾರದ ಸಾಂದ್ರತೆ ತೂಕದಲ್ಲಿ 95.6 ಪ್ರತಿಶತವನ್ನು ದಾಟುವುದಿಲ್ಲ. ಉಳಿದ ನೀರು ಅದರೊಂದಿಗೇ ಆವಿಯಾಗಿ, ಅದರೊಂದಿಗೇ ಇಳಿಯುತ್ತದೆ. ಬೆಂಜೀನ್ ಬೆರೆಸಿ ಬಟ್ಟಿ ಇಳಿಸಿ ಆ ನೀರನ್ನೂ ಕಳೆಯುವ ವಿಧಾನವನ್ನು ಸಿಡ್ನಿ ಯಂಗ್ 1902ರಲ್ಲಿ ತೋರಿಸಿಕೊಟ್ಟ. ಪ್ರಯೋಗಾಲಯದವರು ತಮ್ಮದೇ ಉಪಾಯ ಕಂಡುಕೊಂಡಿದ್ದರು. ಮೈಲುತುತ್ತವನ್ನು ಹುರಿದರೆ ನೀಲಿ ಬಣ್ಣ ಹೋಗಿ ಬಿಳಿಯ ಪುಡಿಯಾಗುತ್ತದೆ. ಅದನ್ನು ಮದ್ಯಸಾರದ ಜಾಡಿಯ ತಳದಲ್ಲಿ ಹರಡಿ, ಮೇಲೆ ಸೋಸುಕಾಗದ ಮುಚ್ಚಿಡುವುದು ಆ ಉಪಾಯ. ಪುಡಿ ನೀರನ್ನು ಹೀರುತ್ತದೆ. ಬಿಳುಪು ನೀಲಿಗೆ ತಿರುಗಿದರೆ ಜಾಡಿಯ ಮದ್ಯಸಾರ ಕೆಲಸಕ್ಕೆ ಬಾರದೆಂದು ಅರ್ಥ.

ಆದರೆ ಇಷ್ಟು ಶುದ್ಧವಾದ ಮದ್ಯಸಾರ ಸರ್ಕಾರದ ಕಣ್ಣಿಗೆ ಅತ್ಯಂತ ತೀಕ್ಷ್ಣವಾದ ಸಾರಾಯಿ. ಬ್ರಿಟನ್ನಿನಲ್ಲಿ ಮದ್ಯದ ಮೇಲಿನ ಸುಂಕ ರಾಜಾದಾಯದ ದೊಡ್ಡ ಭಾಗವಾಗಿತ್ತು, ಕೈಗಾರಿಕೆಗಳೂ ಪ್ರಯೋಗಾಲಯಗಳೂ ಅದೇ ಸುಂಕ ತೆರಬೇಕಾಗಿತ್ತು. 1855ರ ಕಾಯಿದೆ ಇದಕ್ಕೆ ಒಂದು ದಾರಿ ತೆರೆಯಿತು: ಒಂಬತ್ತು ಪಾಲು ಮದ್ಯಸಾರಕ್ಕೆ ಒಂದು ಪಾಲು ಮರದಿಂದ ಬಟ್ಟಿ ಇಳಿಸಿದ ನಾಫ್ತಾ ಬೆರೆಸಿದರೆ ಸುಂಕವಿಲ್ಲ. ಮರದ ನಾಫ್ತಾದ ಮುಖ್ಯ ಅಂಶ ಮೀಥೈಲ್ ಆಲ್ಕೋಹಾಲ್. ಮಿಶ್ರಣದ ನಾತ ಮತ್ತು ರುಚಿ ಕುಡುಕರನ್ನು ದೂರವಿಡುತ್ತದೆಂದು ನಂಬಲಾಗಿತ್ತು. ಅಂಗಾಂಶಕ್ಕೆ ಈ ಬೆರಕೆಯಿಂದ ಹೆಚ್ಚಿನ ಹಾನಿಯಿರಲಿಲ್ಲ, ಬೆಲೆಯೂ ಇಳಿಯಿತು. ಬಡವರು ಅದನ್ನೂ ಕುಡಿದರು. ಆಗ 1891ರಿಂದ ಪೆಟ್ರೋಲಿಯಂ ನಾಫ್ತಾವನ್ನೂ ಸೇರಿಸಲಾಯಿತು. ಈ ಹೊಸ ಮಿಶ್ರಣಕ್ಕೆ ನೀರು ಹಾಕಿದೊಡನೆ ಅದು ಹಾಲಿನಂತೆ ಬೆಳ್ಳಗಾಗುತ್ತಿತ್ತು. ಕುಡುಕನಿಗಾಗಿ ಮಾಡಿದ ಈ ಏರ್ಪಾಡು ತಗುಲಿದ್ದು ಪ್ರಯೋಗಾಲಯಕ್ಕೆ. ನಿರ್ಜಲೀಕರಣದ ಕೆಳಗಿನ ಮೆಟ್ಟಿಲುಗಳಿಗೆ ಮದ್ಯಸಾರವನ್ನು ನೀರಿನೊಂದಿಗೆ ಬೆರೆಸಲೇಬೇಕು, ಬೆರೆಸಿದರೆ ಕದಡುತ್ತದೆ. ಸುಂಕದವನ ಗುಮಾನಿ ಹೀಗೆ ಜಾಡಿಯೊಳಗೇ ಬಂದು ಕುಳಿತಿತು.

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿರೋಧ ಜಾರಿಯಲ್ಲಿತ್ತು. ಕೈಗಾರಿಕೆಯ ಮದ್ಯಸಾರ ಕಳ್ಳದಾರಿಯಲ್ಲಿ ಕುಡಿಯಲು ಹೋಗುತ್ತಿದ್ದುದನ್ನು ತಡೆಯಲು ಅಲ್ಲಿನ ಸರ್ಕಾರ 1926ರ ಕೊನೆಯಲ್ಲಿ ಅದಕ್ಕೆ ಬೆರೆಸುವ ಮೀಥೈಲ್ ಆಲ್ಕೋಹಾಲಿನ ಪ್ರಮಾಣವನ್ನು ಹೆಚ್ಚಿಸಿತು. ನ್ಯೂಯಾರ್ಕ್ ನಗರದ ಮುಖ್ಯ ಶವಪರೀಕ್ಷಾಧಿಕಾರಿ ಚಾರ್ಲ್ಸ್ ನಾರಿಸ್ ಇದನ್ನು ಬಹಿರಂಗವಾಗಿ ಖಂಡಿಸಿದ. ಆತನ ಸಹೋದ್ಯೋಗಿ ಅಲೆಕ್ಸಾಂಡರ್ ಗೆಟ್ಲರ್ ಸತ್ತವರ ಅಂಗಾಂಶವನ್ನೇ ಬಟ್ಟಿ ಇಳಿಸಿ ಅದರಲ್ಲಿದ್ದ ಆಲ್ಕೋಹಾಲನ್ನು ಅಳೆದ. ಅಂಗಾಂಶವನ್ನು ಮದ್ಯಸಾರದಲ್ಲಿ ಅದ್ದುವ ವಿದ್ಯೆಯ ಪಕ್ಕದಲ್ಲಿಯೇ ಅಂಗಾಂಶದಿಂದ ಮದ್ಯಸಾರವನ್ನು ತೆಗೆಯುವ ವಿದ್ಯೆಯೂ ಬೆಳೆದುದು ಆ ದಶಕದ ವಿಪರ್ಯಾಸ.

ಬದಲಿ ದ್ರವಗಳ ಹುಡುಕಾಟ ಚುರುಕಾದುದೂ ಇದೇ ಕಾಲದಲ್ಲಿ. 1920ರಿಂದ ಪೆಟ್ರೋಲಿಯಂ ಮೂಲದಿಂದ ತಯಾರಾಗತೊಡಗಿದ ಐಸೊಪ್ರೊಪೈಲ್ ಆಲ್ಕೋಹಾಲ್ ಪಾನೀಯವಲ್ಲದ್ದರಿಂದ ಮದ್ಯದ ಸುಂಕದ ಕಾಟವಿರಲಿಲ್ಲ. ಸಸ್ಯಗಳ ಅಂಗಾಂಶಕ್ಕೆ ಟರ್ಷಿಯರಿ ಬ್ಯುಟೈಲ್ ಆಲ್ಕೋಹಾಲನ್ನು ಬಳಸುವ ಕ್ರಮವನ್ನು ಯೋಹಾನ್ಸೆನ್ ತನ್ನ 1940ರ ಸಸ್ಯ ಸೂಕ್ಷ್ಮತಂತ್ರದ ಗ್ರಂಥದಲ್ಲಿ ಪ್ರಚುರಪಡಿಸಿದ. 1931ರಲ್ಲಿ ಗ್ರಾಪ್ನರ್ ಮತ್ತು ವೈಸ್‌ಬರ್ಗರ್ ಸೂಚಿಸಿದ ಡಯಾಕ್ಸೇನ್ ಎಲ್ಲಕ್ಕಿಂತ ಆಕರ್ಷಕವಾಗಿತ್ತು. ಅದು ನೀರಿನೊಂದಿಗೂ ಕರಗಿದ ಮೇಣದೊಂದಿಗೂ ಬೆರೆಯುವುದರಿಂದ ನಡುವೆ ಇನ್ನೊಂದು ದ್ರವವೇ ಬೇಕಿಲ್ಲ. ಆದರೆ 1933ರಲ್ಲಿ ಇಂಗ್ಲೆಂಡಿನ ಕೃತಕ ರೇಷ್ಮೆ ಕಾರ್ಖಾನೆಯೊಂದರಲ್ಲಿ ಡಯಾಕ್ಸೇನಿನ ಆವಿಯಿಂದ ಐವರು ಕೆಲಸಗಾರರು ಸತ್ತರು. ಅದರ ಆವಿಯ ವಿಷ ಮತ್ತು ಸ್ಫೋಟಕ ಪೆರಾಕ್ಸೈಡುಗಳ ಭಯದಿಂದ ಪ್ರಯೋಗಾಲಯಗಳು ಕ್ರಮೇಣ ಅದನ್ನು ಕೈಬಿಟ್ಟವು. ಅಸಿಟೋನ್ ಬಲು ಬೇಗ ನೀರು ತೆಗೆಯುತ್ತದೆ; ಅದೇ ವೇಗದಲ್ಲಿ ಅಂಗಾಂಶ ಪೆಡಸಾಗುತ್ತದೆ, ಬೆಂಕಿಯ ಭಯವೂ ಇದೆ.

ಭಾರತದಲ್ಲಿ ಮದ್ಯಸಾರದ ಎರಡು ಬದುಕಿನ ಪ್ರಶ್ನೆ ಸಂವಿಧಾನದಲ್ಲಿಯೇ ದಾಖಲಾಗಿದೆ. 47ನೆಯ ಅನುಚ್ಛೇದ ಪಾನನಿರೋಧವನ್ನು ರಾಜ್ಯದ ಗುರಿಯನ್ನಾಗಿಸುತ್ತ ಔಷಧೀಯ ಉದ್ದೇಶಗಳನ್ನು ಹೊರಗಿಡುತ್ತದೆ. ಮಾದಕ ಪಾನೀಯಗಳು ರಾಜ್ಯಪಟ್ಟಿಯ 8ನೆಯ ನಮೂದಿನ ವಿಷಯ. ಕೈಗಾರಿಕೆಯ ಮದ್ಯಸಾರ ಮಾದಕ ಪಾನೀಯವೇ? 1990ರಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠ ಅಲ್ಲವೆಂದಿತು. 2024ರ ಅಕ್ಟೋಬರ್ 23ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಎಂಟು–ಒಂದರ ಬಹುಮತದಿಂದ ಆ ತೀರ್ಪನ್ನು ತಳ್ಳಿಹಾಕಿ, ಕುಡಿಯಲು ದುರ್ಬಳಕೆಯಾಗಬಹುದಾದ ಮದ್ಯಸಾರವೂ ರಾಜ್ಯಗಳ ನಿಯಂತ್ರಣಕ್ಕೆ ಒಳಪಡುತ್ತದೆಂದು ಹೇಳಿತು. ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಅಲ್ಲಿಗೆ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರದು ಭಿನ್ನಮತ: ದುರ್ಬಳಕೆಯ ಸಾಧ್ಯತೆ ಇದೆಯೆಂಬ ಮಾತ್ರಕ್ಕೆ ಕೈಗಾರಿಕೆಯ ಮದ್ಯಸಾರ ಪಾನೀಯವಾಗದು. ನೆಲ್ಸನ್ನನ ಪೀಪಾಯಿಯ ಸುತ್ತ ಹುಟ್ಟಿದ ಗುಮಾನಿಯೇ ಇಲ್ಲಿ ಸಂವಿಧಾನದ ಭಾಷೆಯಲ್ಲಿ ಚರ್ಚೆಯಾಗಿದೆ ಎಂದರೆ ಅತಿಶಯೋಕ್ತಿಯಾಗದು.

ಆ ಗುಮಾನಿ ಆಧಾರವಿಲ್ಲದ್ದೇನೂ ಅಲ್ಲ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೋಹಾಲ್ ಬೆರೆತ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಕುಡಿಯದಿರಲೆಂದು ಮದ್ಯಸಾರಕ್ಕೆ ಬೆರೆಸುವ ವಸ್ತು ಯಾವುದೋ ಅದೇ ಇಲ್ಲಿ ಕುಡಿದವರನ್ನು ಕೊಂದಿತ್ತು. ಸುಂಕ ಉಳಿಸಲು 1855ರಲ್ಲಿ ಹೂಡಿದ ಉಪಾಯದ ಬೆಲೆಯನ್ನು ತೆತ್ತವರು ಯಾವ ವರ್ಗದವರು ಎಂಬ ಪ್ರಶ್ನೆಯನ್ನು ಈ ದ್ರವದ ಚರಿತ್ರೆ ಬರೆಯುವವರು ಬದಿಗಿಡುವಂತಿಲ್ಲ.

ಅಬಕಾರಿ ಪರವಾನಗಿ, ದಾಸ್ತಾನು ಪುಸ್ತಕ, ತಪಾಸಣೆಗಳ ಗೋಜಿಗೆ ಹೋಗದಿರಲು ಭಾರತದ ಅನೇಕ ರೋಗಶಾಸ್ತ್ರ ಪ್ರಯೋಗಾಲಯಗಳು ಐಸೊಪ್ರೊಪೈಲ್ ಆಲ್ಕೋಹಾಲನ್ನು ಆರಿಸಿಕೊಂಡಿವೆ. ಅದು ಈಥೈಲ್ ಆಲ್ಕೋಹಾಲಿಗಿಂತ ನಿಧಾನವಾಗಿ ಒಳಹೋಗುತ್ತದೆ, ಅಂಗಾಂಶವನ್ನು ಅಷ್ಟಾಗಿ ಪೆಡಸುಮಾಡುವುದೂ ಇಲ್ಲ. ಗುಣ ಒಳ್ಳೆಯದೇ. ಆದರೆ ಆಯ್ಕೆ ಆರಂಭವಾದುದು ಗುಣದಿಂದಲ್ಲ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಸಮಸ್ಯೆ ಇನ್ನಷ್ಟು ಸೂಕ್ಷ್ಮವಾಯಿತು. ಮದ್ಯಸಾರವೇ ಆವಿಯಾಗಿ ಹೋಗುವಾಗ ಅದರ ಮೇಲ್ಮೈ ಎಳೆತದಿಂದ ನವಿರಾದ ರಚನೆಗಳು ಕುಸಿಯುತ್ತವೆ. ಥಾಮಸ್ ಆಂಡರ್‌ಸನ್ 1951ರಲ್ಲಿ ಇದಕ್ಕೆ ಪರಿಹಾರ ಕಂಡ. ಮದ್ಯಸಾರವನ್ನು ಹಂತಹಂತವಾಗಿ ದ್ರವರೂಪದ ಇಂಗಾಲದ ಡೈಆಕ್ಸೈಡಿಗೆ ಬದಲಿಸಿ, ಒತ್ತಡದಲ್ಲಿ ಸುಮಾರು 31 ಡಿಗ್ರಿ ಸೆಲ್ಸಿಯಸ್ ದಾಟಿಸಿದರೆ ದ್ರವ ಮತ್ತು ಅನಿಲದ ಗಡಿಯೇ ಅಳಿದು, ಎಳೆತವಿಲ್ಲದೆ ಒಣಗುತ್ತದೆ. 1975ರಲ್ಲಿ ಮುಲ್ಲರ್ ಮತ್ತು ಜಾಕ್ಸ್ ನೀರನ್ನು ಹೊರಗಟ್ಟುವ ಬದಲು ರಾಸಾಯನಿಕ ಕ್ರಿಯೆಯಿಂದ ಅದನ್ನೇ ಮೆಥನಾಲ್ ಮತ್ತು ಅಸಿಟೋನ್ ಆಗಿ ಮಾರ್ಪಡಿಸುವ ಡೈಮಿಥಾಕ್ಸಿಪ್ರೊಪೇನನ್ನು ಬಳಸಿದರು. ಇವು ವಿಶೇಷ ಪ್ರಯೋಗಾಲಯಗಳ ವಿದ್ಯೆಗಳು. ಆಸ್ಪತ್ರೆಗಳಲ್ಲಿ 1940ರ ದಶಕದ ವೇಳೆಗೆ ಬಂದ ಸ್ವಯಂಚಾಲಿತ ಯಂತ್ರಗಳು ಹಗಲು ಸೇರಿಸಿಟ್ಟ ತುಣುಕುಗಳನ್ನು ರಾತ್ರಿಯಿಡೀ ಜಾಡಿಯಿಂದ ಜಾಡಿಗೆ ಎತ್ತಿಡುತ್ತ, ಸಹಾಯಕರ ಕೈಗಳ ಕೆಲಸವನ್ನು ಮಾಡತೊಡಗಿದವು. ಯಂತ್ರದ ಜಾಡಿಗಳಲ್ಲಿಯೂ ಮೆಟ್ಟಿಲುಗಳು ಅವೇ.

ಹಳೆಯ ಪರೀಕ್ಷೆಯೂ ಉಳಿದಿದೆ. ಕೊನೆಯ ಜಾಡಿಯಿಂದ ತುಣುಕನ್ನು ಕ್ಸೈಲೀನಿಗೆ ಹಾಕಿದಾಗ ದ್ರವ ತಿಳಿಯಾಗಿದ್ದು ತುಣುಕು ಪಾರಭಾಸಕವಾದರೆ ನೀರು ಪೂರ್ತಿ ಹೋಗಿದೆ. ದ್ರವ ಹಾಲಿನಂತೆ ಕದಡಿದರೆ ಇನ್ನೂ ಉಳಿದಿದೆ. ಆಗ ತಂತ್ರಜ್ಞ ಅದನ್ನು ಹೊರತೆಗೆದು, ಮೆಟ್ಟಿಲು ಇಳಿಸಿ, ಮತ್ತೆ ಮದ್ಯಸಾರಕ್ಕೆ ಹಾಕುತ್ತಾನೆ.